ಬೋರಲು ಬಿದ್ದ ಕವಡೆ

ಐದು ಕವಡೆಯೂ ಬೋರಲಾಗಿ ಬಿದ್ದದ್ದು ಕಂಡು ಮರಿಯಯ್ಯ ತಮಟೆ ಕೆಳಗಿಟ್ಟು ರೆಕಾರ್ಡಿನ ಯಂತ್ರದತ್ತ ನೋಡಿದ. ಅದರ ಮೇಣದ ತಟ್ಟೆ ಆಗಲೇ ತಿರುಗುತ್ತಿತ್ತು. ಹಾಡು ಹಿಡಿಯಲು ಮದ್ದೂರಿಗೆ ಬಂದಿದ್ದ ರಾಯರ ಬಳಿ ಉಳಿದಿದ್ದದ್ದು ಅದೊಂದೇ ತಟ್ಟೆ.

ನೆಲದ ಮೇಲೆ ಹೆಂಡತಿ ಹೊಂಬಾಳಮ್ಮ ಬರೆದ ರಂಗೋಲಿಯಿತ್ತು. ಅವಳ ಹಾಡಿಗೆ ಅದೇ ಬರಹ: ನೆಟ್ಟನೆಯ ಗೆರೆಗೆ ಉದ್ದನೆಯ ದನಿ, ಸುರುಳಿಗೆ ಏರಿಳಿತ, ಚುಕ್ಕಿಗೆ ಗಂಡನ ತಮಟೆಯ ಪೆಟ್ಟು. ಯಾವ ಗೆರೆ ಹಾಡಬೇಕೆಂದು ಕವಡೆ ಹೇಳಬೇಕು. ಎಲ್ಲವೂ ಬೋರಲು ಬಿದ್ದರೆ ಇಪ್ಪತ್ತು ಎಣಿಸುವವರೆಗೆ ಇಬ್ಬರೂ ಸುಮ್ಮನಿರಬೇಕು.

“ಇವತ್ತೊಂದಿನ ಗೊತ್ತಿರೋ ಸೋಬಾನೆ ಪದ ಏಳ್ಬುಡು ಕಣಮ್ಮಿ,” ಎಂದು ಅವನು ಬೆಳಕವಾಡಿಯಿಂದ ದಾರಿಯುದ್ದಕ್ಕೂ ಬೇಡಿಕೊಂಡಿದ್ದ.

“ಅದ ಎಲ್ರೂ ಏಳ್ತಾರೆ. ಇದು ನಂದು,” ಎಂದಿದ್ದಳು ಅವಳು.

ಮರಿಯಯ್ಯ ಮೆಲ್ಲಗೆ ಹೆಬ್ಬೆರಳಿನಿಂದ ಒಂದು ಕವಡೆಯನ್ನು ಮಗುಚಿದ. ಹೊಂಬಾಳಮ್ಮ ಅವನತ್ತ ನೋಡಲೂ ಇಲ್ಲ; ಸದ್ದಾಗದಂತೆ ಅದನ್ನು ಮತ್ತೆ ಬೋರಲು ಮಾಡಿ ಕಣ್ಣು ಮುಚ್ಚಿದಳು. ತುಟಿ ಎಣಿಸುತ್ತಲೇ ಇತ್ತು. ಆ ಮುಖದಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಇವಳು ಹಾಡು ಮರೆತಳೆಂದುಕೊಂಡ ರಾಯರು ಯಂತ್ರ ನಿಲ್ಲಿಸಲು ಕೈ ಚಾಚಿದರು. ದೊಡ್ಡವರೆದುರು ಎಂದೂ ತಲೆಯೆತ್ತದ ಮರಿಯಯ್ಯ ಎದ್ದು ಆ ಕೈಯನ್ನು ಹಿಡಿದುಕೊಂಡ. ರಾಯರು ಕೆಂಗಣ್ಣು ಬಿಟ್ಟರು. ಅವನು ಬಿಡಲಿಲ್ಲ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹೊಂಬಾಳಮ್ಮ ಮತ್ತೆ ಕವಡೆ ಚೆಲ್ಲಿ, ಸುರುಳಿಯ ಮೇಲೆ ಬೆರಳಿಟ್ಟು ದನಿ ತೆಗೆದಳು. ರಾಯರ ಕೈ ಸಡಿಲಾಯಿತು. ಮೊದಲ ಚುಕ್ಕಿಯ ಹೊತ್ತಿಗೆ ಮರಿಯಯ್ಯ ತಮಟೆ ಎತ್ತಿಕೊಂಡಿದ್ದ.