ಚಪ್ಪಲಿ ಬಿಟ್ಟು ಕೆತ್ತಿದ ಹೆಸರು

ಸಾಣೆಕಲ್ಲಿನ ಎಣ್ಣೆ ವಾಸನೆ ಬಂದರೆ ಈಗಲೂ ರಾಯದುರ್ಗದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತಿದ್ದ. ಉಳಿಯನ್ನು ತಾನೇ ಮಸೆದು, ಮೊನೆಯನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡುತ್ತಿದ್ದ. ಆ ದಿನ, ಕಾಲಿನಿಂದ ಪೆಡಲ್ ಒತ್ತಿ ನಡೆಸುವ ಹೊಸ ಕರೆಂಟ್ ಕೆತ್ತನೆ ಮಷೀನು ನಮ್ಮ ಹಳೇ ತಟ್ಟೆಯ ಮೇಲೆ ಹುಚ್ಚು ಗೆರೆ ಎಳೆಯುತ್ತಿತ್ತು. ಪಕ್ಕದಲ್ಲಿ ಯಾರದೋ ಮದುವೆಯ ಕೊಡ ಹೆಸರಿಗಾಗಿ ಕಾಯುತ್ತಿತ್ತು.

"ಇದು ನನ್ನ ಮಾತು ಕೇಳಂಗಿಲ್ಲ. ವಾಪಸ್ ಕೊಡ್ತೀನಿ" ಎಂದ.

ಜೀನ್ಸ್ ಹೊಲಿಯುವ ಕೆಲಸದಿಂದ ಊಟಕ್ಕೆ ಬಂದಿದ್ದ ಅವ್ವ ಅವನ ಕಾಲು ನೋಡಿದಳು.

"ಶಾಕ್ ಹೊಡಿತೈತಂತ ಚಪ್ಪಲಿ ಹಾಕ್ಕೊಂಡೀರೇನ್ರಿ? ಬಿಡ್ರಿ. ನಾವು ದಿನಾ ಬರಿಗಾಲಾಗ ಹೊಲಿತೀವಿ. ಮಷೀನಿನ ಜೋರು ಕಾಲಿಗೆ ತಿಳೀಬೇಕು."

ಅಪ್ಪ ಅಳುಕುತ್ತಲೇ ಚಪ್ಪಲಿ ಬಿಟ್ಟು ಪೆಡಲ್ ಮೇಲೆ ಬರಿಗಾಲಿಟ್ಟ. ಮಷೀನಿನ ಕಿರುಚಾಟ ಮೆಲ್ಲಗೆ ಗುಂಯ್‌ಗುಟ್ಟುವಷ್ಟಕ್ಕೆ ಇಳಿಯಿತು. ಹುಚ್ಚು ಗೆರೆಗಳ ನಡುವೆ ಅವ್ವನ ಹೆಸರು ದುಂಡಗೆ ಮೂಡಿತು. ಅಪ್ಪ ಉಸಿರು ಬಿಟ್ಟು ಕೊಡವನ್ನು ಹತ್ತಿರ ಎಳೆದುಕೊಂಡ.

ಅವ್ವ ಆ ತಟ್ಟೆಯನ್ನು ತೊಳೆದು, ಅದರಲ್ಲೇ ಉಂಡು ಕೆಲಸಕ್ಕೆ ಹೋದಳು.