ಕೈಯಿಂದ ಕಟ್ಟಿದ ನೀರು

ಪರಮಾಣುಗಳು ತಾವಾಗಿ ಕೂಡುವುದನ್ನು ನಿಲ್ಲಿಸಿದ ಮೇಲೆ ಗದಗಿನಲ್ಲಿ ನೀರನ್ನು ಕೈಯಿಂದಲೇ ಕಟ್ಟುತ್ತೇವೆ. ನನ್ನಂಥ ನೀರು ಕಟ್ಟುವವ ಮೂರು ಲೋಕದಲ್ಲಿಲ್ಲ. ಒಮ್ಮೆ ಸೀನುವುದರೊಳಗೆ ಕೆರೆ ಕಟ್ಟಿ, ಅದಕ್ಕೆ ಎಮ್ಮೆಯನ್ನೂ ಇಳಿಸಿರುತ್ತೇನೆ! ಕೆಲಸ ಇಷ್ಟೇ: ಒಂದು ಆಮ್ಲಜನಕದ ಎರಡು ಬದಿಗೆ ಎರಡು ಜಲಜನಕ. ಪ್ರತಿ ಬದಿಯಲ್ಲೂ ಆಮ್ಲಜನಕ, ಜಲಜನಕ ಇಬ್ಬರೂ ಒಂದೊಂದು ಎಲೆಕ್ಟ್ರಾನನ್ನು ನಡುವೆ ಇಟ್ಟು, ಎರಡನ್ನೂ ಹಂಚಿಕೊಳ್ಳಬೇಕು.

ನಿನ್ನೆ ಮಧ್ಯಾಹ್ನ, ಜ್ವರದಲ್ಲಿ ಒಣಗಿದ್ದ ನನ್ನ ಹೆಂಡತಿ ನೀಲಗಂಗವ್ವ ಕೇಳಿದಳು: “ನಿಮ್ಮ ಕೆರಿ ಇರ್ಲಿ ಬಿಡ್ರಿ, ಒಂದ್ ಗುಟುಕು ಕಟ್ಟಿಕೊಡ್ರಿ.”

“ಗುಟುಕ್ಯಾಕ, ಸಮುದ್ರಾನ ಕೊಡ್ತೀನಿ ತಡಿ!”

“ಉಪ್ಪು ಬ್ಯಾಡ್ರೀ,” ಎಂದು ನಕ್ಕಳು.

ಅವಸರದಲ್ಲಿ ಆಮ್ಲಜನಕಕ್ಕೆ ಇನ್ನೊಂದು ಆಮ್ಲಜನಕವನ್ನು ಬೆಸೆದುಬಿಟ್ಟೆ. ನೋಡಲು ನೀರೇ, ಕುಡಿದರೆ ಗಂಟಲು ಸುಡುವ ಪೆರಾಕ್ಸೈಡ್. ಲೋಟ ಅವಳ ತುಟಿಗೆ ಹಿಡಿಯುವಾಗ ನನ್ನ ಗಾಯದ ಬೆರಳು ಒಳಗಿನದಕ್ಕೆ ತಾಗಿ ಬುಸ್ಸೆಂದು ನೊರೆ ಎದ್ದಿತು; ನೀರಾಗಿದ್ದರೆ ಗಾಯಕ್ಕೆ ನೊರೆ ಏಳುತ್ತಿರಲಿಲ್ಲ. ಚೆಲ್ಲಿ, ಮೊದಲಿನಿಂದ ಕಟ್ಟಿದೆ. ನೀರು ಸಿದ್ಧವಾಗಿ ಬಾಯಿಗೆ ಬಿಟ್ಟಾಗ ಅದು ಗಂಟಲಿಗೆ ಇಳಿಯದೆ ದಿಂಬಿಗೆ ಹರಿಯಿತು.

ಅವಳ ಮೈ ತೊಳೆಯಲು ಓಣಿಯ ಹೆಂಗಸರು ಐದು ಕೊಡ ನೀರು ಕೇಳಿದ್ದಾರೆ. ಹೊಸ್ತಿಲಲ್ಲಿ ಕೂತು ಕಟ್ಟುತ್ತಿದ್ದೇನೆ. ಒಂದೂ ತಪ್ಪುತ್ತಿಲ್ಲ.