ದೀಪ್ತಿಗೆ ಬಾಯಿಪಾಠವಿದ್ದ ನಂಬರು

"ನಿಮ್ಮ ಸಿಮ್ ಇವತ್ತು ಸಂಜೆಗೆ ಬಂದ್ ಆಗುತ್ತದೆ ಅಮ್ಮಾ. ಕಾಗದಪತ್ರ ತಾಳೆ ಬೀಳುತ್ತಿಲ್ಲ," ಎಂದಿತು ಫೋನಿನಲ್ಲಿ ಒಂದು ಗಂಡುದನಿ. ಹಿಂದಿ ಮಾತು, ಬಲು ನಯ.

ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದಿದ್ದ ಮುಷ್ಕರಕ್ಕೆ ಶಾಲೆ ಮುಚ್ಚಿ ಇಪ್ಪತ್ತು ದಿನವಾಗಿತ್ತು. ಶಾಲೆಯ ಅಟೆಂಡರ್ ಮಥುರಾಬಾಯಿ ಜಹೀರಾಬಾದಿನ ತನ್ನ ಮನೆಯ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದೇ ನಿಂತಳು.

"ಬ್ಯಾಡ್ರಿ, ಬಂದ್ ಮಾಡಬ್ಯಾಡ್ರಿ! ಏನ್ ಮಾಡ್ಬೇಕು ಹೇಳ್ರಿ."

"ಎಟಿಎಂ ಕಾರ್ಡಿನ ಮೇಲಿನ ನಂಬರ್ ಓದಿ. ಆಮೇಲೆ ನಾಲ್ಕಂಕಿಯ ಪಿನ್. ನಿಮ್ಮ ಹೆಸರು ಖಾತ್ರಿ ಮಾಡಿಕೊಂಡು ಸಿಮ್ ಉಳಿಸುತ್ತೇವೆ."

ಬೇರೆ ನಂಬರಾಗಿದ್ದರೆ ಹೋದರೆ ಹೋಗಲಿ ಎನ್ನುತ್ತಿದ್ದಳು. ಮಗ ತೀರಿಕೊಂಡ ಎರಡನೇ ವರ್ಷ ಸೊಸೆ ದೀಪ್ತಿಗೆ ತಾನೇ ಮುಂದೆ ನಿಂತು ಇನ್ನೊಂದು ಮದುವೆ ಮಾಡಿಸಿದ್ದಳು, ಸೊಲ್ಲಾಪುರದ ಕಡೆಗೆ. ಹಳೇ ಮನೆಯ ಸಂಬಂಧ ಇನ್ನು ಬೇಡ ಎಂದಿದ್ದರು ಆ ಮನೆಯವರು. ಮಥುರಾಬಾಯಿ ಅದಕ್ಕೂ ಹೂಂ ಎಂದಳು, ಅವರ ನಂಬರನ್ನೂ ಕೇಳಲಿಲ್ಲ. ಬಸ್ಸು ಹತ್ತುವ ಮುಂಚೆ ದೀಪ್ತಿಯೇ ಓಡಿ ಬಂದು, ಅತ್ತೆಯ ಕಿವಿಯಲ್ಲಿ ಅತ್ತೆಯದೇ ಹತ್ತೂ ಅಂಕಿ ಒಪ್ಪಿಸಿ, "ಬಾಯಿಪಾಠ ಆಗ್ಯದ ನೋಡ್ರಿ," ಎಂದಿದ್ದಳು. ಅದಕ್ಕೆ ಈಗ ಮೂರು ವರ್ಷ. ಒಂದು ಸಲವೂ ಫೋನ್ ಬಂದಿಲ್ಲ.

ಪೆಟ್ಟಿಗೆಯಿಂದ ಕಾರ್ಡು ತಂದು ಬಿಸಿಲಿಗೆ ಹಿಡಿದಳು. ಓದುವ ಮೊದಲು ಬಾಯಿ ತಡೆಯಲಿಲ್ಲ.

"ಒಂದ್ ಮಾತ್ರಿ. ನನ್ನ ಸೊಸಿ, ದೀಪ್ತಿ ಅಂತ. ಸೊಲ್ಲಾಪುರದಿಂದ ಈ ನಂಬರಿಗಿ ಮಾಡಿದ್ದಳೇನ್ರಿ? ಫೋನ್ ಹತ್ತಿರಲಿಕ್ಕಿಲ್ಲ."

"ಹೌದು ಅಮ್ಮಾ! ನಿನ್ನೆ ಸಂಜೆ ನಾಲ್ಕು ಸಲ ಮಾಡಿದ್ದಾರೆ. ಸಿಮ್ ಕೆಟ್ಟಿದೆ, ಹತ್ತಿಲ್ಲ. ಪಿನ್ ಹೇಳಿ, ಅವರ ನಂಬರ್ ಕೊಡುತ್ತೇನೆ."

ನಿನ್ನೆ ಸಂಜೆ ಮುಷ್ಕರದ ಮೆರವಣಿಗೆಯ ವಿಚಾರಕ್ಕೆ ಶಾಲೆಯ ಸಾರ್‌ಗಳು ಒಬ್ಬರಾದ ಮೇಲೊಬ್ಬರು ಇದೇ ನಂಬರಿಗೆ ಮಾಡಿದ್ದರು. ಎಲ್ಲರದೂ ನೆಟ್ಟಗೆ ಹತ್ತಿತ್ತು. ಮಥುರಾಬಾಯಿ ಕಾರ್ಡನ್ನು ಮೆಲ್ಲಗೆ ಸೆರಗಿನೊಳಗೆ ಸುತ್ತಿಕೊಂಡಳು. ಫೋನ್ ಇಡಲು ಮಾತ್ರ ಕೈ ಬರಲಿಲ್ಲ.

"ಏನಂದಳ್ರಿ?"

"ಯಾರು?"

"ದೀಪ್ತಿ."

"ಅತ್ತೆಯ ಜೊತೆ ಮಾತಾಡಬೇಕು ಅಂದರು. ಪಿನ್ ಹೇಳಿ."

"ಆರಾಮ ಇದ್ದಾಳಂತೇನ್ರಿ?"

"ಆರಾಮಿದ್ದಾರೆ. ಬೇಗ ಪಿನ್ ಹೇಳಿ ಅಮ್ಮಾ, ಲೈನ್ ಕಟ್ಟಾಗುತ್ತದೆ."

"ಅದು ಹೇಳಂಗಿಲ್ಲಪ್ಪ. ನೀ ಸುಳ್ಳ ಹೇಳಾಕತ್ತಿ, ನನಗ ಗೊತ್ತದ." ಮಥುರಾಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ಆರಾಮ ಇದ್ದಾಳಂತ ಇನ್ನೊಂದ್ ಸಲ ಅನ್ನು."



"ಆರಾಮಿದ್ದಾರೆ ಅಮ್ಮಾ," ಎಂದ ಆತ. ಪಿನ್ ಕೇಳದೆ ಫೋನ್ ಇಟ್ಟ.